ಎಷ್ಟು ಜನ ಎಂದು ಕೇಳಿದಾಗ

ತಕಾಮಾತ್ಸು ನಗರದಿಂದ ನಮ್ಮ ಕುರೊಸೆ ದ್ವೀಪಕ್ಕೆ ಬರುವ ಹಡಗು ನಿಲ್ಲುವ ಕಟ್ಟೆಯ ಎದುರಿಗೇ ನನ್ನ ಉದೋನ್ ಅಂಗಡಿ. ಗೋಧಿಹಿಟ್ಟಿನ ದಪ್ಪ ಶಾವಿಗೆಯನ್ನು ಒಣಮೀನಿನ ಬಿಸಿ ಸಾರಿಗೆ ಹಾಕಿಕೊಡುವುದು ನನ್ನ ಕೆಲಸ. ಅಂಗಡಿ ಅತ್ತೆಯಿಂದ ಬಂದದ್ದು. ಒಂದು ಅಭ್ಯಾಸವೂ ಅವರಿಂದಲೇ ಬಂತು: ಬಾಗಿಲ ಪರದೆ ಸರಿಸಿ ಯಾರು ಒಳಗೆ ಬಂದರೂ, ದಿನಾ ಬರುವ ಮೀನುಗಾರನೇ ಆದರೂ, ಮೊದಲು "ಎಷ್ಟು ಜನ?" ಎಂದು ಕೇಳುವುದು.

ಕಿಯೊನೊ-ಸಾನ್ ಮತ್ತು ಅವರ ಗಂಡ ಶೂಜಿ-ಸಾನ್ ಗುರುವಾರದ ಗಿರಾಕಿಗಳು. ಶೂಜಿ-ಸಾನ್ ದ್ವೀಪದ ಬಸ್ ಡ್ರೈವರ್. ಈಕೆ ಪ್ರವಾಸಿ ಬಸ್ಸಿನಲ್ಲಿ ಊರು ತೋರಿಸುವ ಕೆಲಸದವರು. ಬಿಳಿ ಕೈಗವಸು ಹಾಕಿಕೊಂಡು, ಗಂಡನ ಪಕ್ಕದಲ್ಲಿ ನಿಂತು, ಬಸ್ಸು ಮುಂದೆ ಹೋಗುತ್ತಿದ್ದರೆ ತಾವು ಹಿಂದಕ್ಕೆ ಮುಖ ಮಾಡಿ, ಜನರಿಗೆ ಬೆಟ್ಟ, ಗುಡಿ, ದೀಪಸ್ತಂಭ ತೋರಿಸುತ್ತ ಆಯಸ್ಸು ಕಳೆದವರು. ಗುರುವಾರ ಮಧ್ಯಾಹ್ನ ನಾನು ಕೇಳುತ್ತಿದ್ದಂತೆ ಶೂಜಿ-ಸಾನ್ "ಇಬ್ಬರು" ಎನ್ನುತ್ತಿದ್ದರು. ಆ ಉತ್ತರ ಆಕೆಯ ಬಾಯಿಂದ ನಾನು ಒಮ್ಮೆಯೂ ಕೇಳಿಲ್ಲ.

ಶೂಜಿ-ಸಾನ್ ತೀರಿಕೊಂಡ ಮೇಲೆ ಕಿಯೊನೊ-ಸಾನ್ ಅಂಗಡಿಯೊಳಗೆ ಕಾಲಿಡಲಿಲ್ಲ. ಹಿಂದಿನ ಅಡುಗೆಮನೆ ಬಾಗಿಲಿಗೆ ಬಂದು ಬೇಯಿಸಿದ ಶಾವಿಗೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಒಳಗೆ ಬನ್ನಿ ಎಂದರೆ, ಕಾಲು ನೋವು ಮಾರಾಯ್ತಿ, ಮನೆಯಲ್ಲಿ ಕಾಲು ಚಾಚಿಕೊಂಡು ತಿಂತೀನಿ ಎನ್ನುವರು. ಅದೇ ಕಾಲಿನಲ್ಲಿ ಬೆಟ್ಟದ ಮೇಲಿನ ಮನೆಯವರೆಗೂ ನಡೆಯುತ್ತಿದ್ದರು.

ಊರಿನ ಪ್ರವಾಸಿ ಸಂಘದವರು ಆಕೆಯನ್ನು ಹಡಗಿನ ನಿಲ್ದಾಣಕ್ಕೆ ಕರೆದದ್ದು ಆ ವರ್ಷವೇ. ಹಡಗು ಇಳಿದ ವಿದೇಶಿಯರು ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಅವರಿಗೆ ನಾಲ್ಕು ಮಾತು ಕಲಿಸಬೇಕು, ಅಷ್ಟೇ. ಆಕೆ ಹಳೆಯ ಕೈಗವಸು ಹುಡುಕಿ ಹಾಕಿಕೊಂಡು ಹೋದರು. ಮುರುಕು ಇಂಗ್ಲಿಷ್, ಆದರೆ ಬಸ್ಸಿನ ಕಡೇ ಸೀಟಿಗೂ ಕೇಳುತ್ತಿದ್ದ ಗಂಟಲು. ನಾನು ಟಿಕೆಟ್ ಕೌಂಟರಿನವರಿಗೆ ಊಟ ಕೊಡಲು ಹೋದಾಗ ಆ ಪಾಠ ಎಷ್ಟೋ ಸಲ ಕೇಳಿದ್ದೇನೆ.

"ಸುಮಿಮಾಸೆನ್ ಅನ್ನೋದೊಂದು ಬಂದ್ರೆ ಅರ್ಧ ಜಪಾನ್ ಬಂದ ಹಾಗೆ. ಯಾರದ್ದಾದ್ರೂ ಕಾಲು ತುಳಿದ್ರೂ ಅದೇ, ಅಂಗಡಿಯೋರನ್ನ ಕರೀಬೇಕಾದ್ರೂ ಅದೇ, ನಿಮ್ಮ ಬ್ಯಾಗ್ ಯಾರಾದ್ರೂ ಎತ್ತಿಕೊಟ್ರೂ ಅದೇ" ಎಂದು ಶುರುಮಾಡುವರು. ಬೇಕಾದದ್ದನ್ನು ಬೆರಳಿನಲ್ಲಿ ತೋರಿಸಿ "ಕೊರೆ ಕುದಾಸಾಯ್" ಎನ್ನಿ, ಇದು ಕೊಡಿ ಅಂತ. "ದಾಯ್‌ಜೋಬು" ಅಂದರೆ ಪರವಾಗಿಲ್ಲ ಅಂತ. ಬೇಡ ಅಂತಲೂ ಹೌದು, ಆದ್ದರಿಂದ ಮುಖ ನೋಡಿ ಅರ್ಥಮಾಡಿಕೊಳ್ಳಿ. ಬಸ್ಸಿಗೆ ಹಿಂದಿನ ಬಾಗಿಲಲ್ಲಿ ಹತ್ತಿ, ಮುಂದಿನ ಬಾಗಿಲಲ್ಲಿ ಇಳಿಯಿರಿ. ಪಾಯಿಖಾನೆಯ ಚಪ್ಪಲಿ ಮೆಟ್ಟಿಕೊಂಡೇ ಊಟಕ್ಕೆ ಬಂದು ಕೂರಬೇಡಿ. ಬಿಸಿನೀರ ತೊಟ್ಟಿಗೆ ಮೈ ತೊಳೆದೇ ಇಳಿಯಿರಿ. ತಿನ್ನುವ ಕಡ್ಡಿಗಳನ್ನು ಅನ್ನದ ಮೇಲೆ ನೆಟ್ಟಗೆ ಚುಚ್ಚಬೇಡಿ, ಅದು ಸತ್ತವರಿಗೆ ಇಡುವ ರೀತಿ. ಶಾವಿಗೆಯನ್ನು ಮಾತ್ರ ಸದ್ದು ಮಾಡಿಕೊಂಡೇ ತಿನ್ನಿ, ನಮ್ಮ ತೆರುಯೊಗೆ ಖುಷಿಯಾಗುತ್ತದೆ ಎಂದು ನನ್ನ ಕಡೆ ಕೈ ತೋರಿಸುವರು. ಎಲ್ಲರೂ ನಗುವರು. ಬಸ್ಸು ಬರುವುದು. ಆಕೆ ಅದು ತಿರುವು ದಾಟುವವರೆಗೂ ಬಗ್ಗಿ ವಂದಿಸಿ, ಖಾಲಿ ನಿಲ್ದಾಣದಲ್ಲಿ ಮುಂದಿನ ಹಡಗಿಗೆ ಕಾಯುವರು.

ಮರುವರ್ಷ ಚಳಿ ಶುರುವಾಗುವ ಹೊತ್ತಿಗೆ ಒಬ್ಬ ಉದ್ದನೆಯ ಮುದುಕ ಬಂದ. ಉರ್ಮಾಸ್ ಎಂದು ಹೆಸರು, ಎಸ್ಟೋನಿಯಾದವನು, ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೊದಲ ದಿನ ಅವನು ಪರದೆಗೆ ತಲೆ ಬಗ್ಗಿಸಿ ಒಳಗೆ ಬಂದಾಗ ನಾನು ಎಂದಿನಂತೆ ಕೇಳಿದೆ. ಅವನು ಎರಡು ಬೆರಳು ಎತ್ತಿದ. ಜೊತೆಯವರು ಹಿಂದೆ ಬರುತ್ತಿರಬೇಕು ಎಂದುಕೊಂಡು ಕಿಟಕಿಯ ಪಕ್ಕದ ಮೇಜು ತೋರಿಸಿ, ಎರಡು ಲೋಟ ಚಹಾ ಇಟ್ಟೆ. ಅವನು ಎದುರಿನ ಲೋಟ ನೋಡುತ್ತ ಕುಳಿತ. ಯಾರೂ ಬರಲಿಲ್ಲ. ಕೊನೆಗೆ ಗೋಡೆಯ ಚಿತ್ರ ತೋರಿಸಿ ಒಂದು ಬಟ್ಟಲು ತರಿಸಿಕೊಂಡು ತಿಂದು ಹೋದ. ಮರುದಿನವೂ ಎರಡೇ ಬೆರಳು. ಆವತ್ತು ಎರಡನೆಯ ಲೋಟ ಇಡಲೋ ಬೇಡವೋ ಎಂದು ತಿಳಿಯದೆ ಇಟ್ಟೆ. ಎದುರಿನ ಕುರ್ಚಿಯ ಮೇಲೆ ಅವನು ತನ್ನ ಕೋಟು ಮಡಿಸಿ ಇಟ್ಟಿದ್ದ.

ಸಂಜೆ ಕಿಯೊನೊ-ಸಾನ್ ಹಿಂದಿನ ಬಾಗಿಲಿಗೆ ಬಂದಾಗ ನಾನು ಇದನ್ನು ಹೇಳಿದೆ. ಅವನು ಪಾಠದಲ್ಲೂ ಪಕ್ಕದಲ್ಲಿ ಒಬ್ಬರ ಜಾಗ ಬಿಟ್ಟು ನಿಂತಿದ್ದನಂತೆ. ಹೆಂಡತಿ ಕೈತೊಳೆಯಲು ಹೋಗಿರಬೇಕು ಎಂದುಕೊಂಡಿದ್ದರಂತೆ ಆಕೆ.

"ಒಂಟಿಯಾಗಿ ಬಂದೋರಿಗೆ ಮೊದಲು ಬೇಕಾಗೋ ಮಾತನ್ನೇ ನಾನು ಯಾರಿಗೂ ಹೇಳ್ಕೊಟ್ಟಿಲ್ಲ ನೋಡು, ತೆರು-ಚಾನ್" ಎಂದರು. ಅವನು ತಂಗಿರುವುದು ಎಲ್ಲಿ ಎಂದು ಕೇಳಿಕೊಂಡು ಹೋದರು.

ಮರುದಿನ ಅವನು ತಂಗಿದ್ದ ವಸತಿಮನೆಗೆ ಆಕೆಯೇ ಹೋದರು. ಅವನು ಹೊರಗಿನ ಕಟ್ಟೆಯ ಮೇಲೆ ಕುಳಿತು ಸಮುದ್ರ ನೋಡುತ್ತಿದ್ದ. ಕೋಣೆಯಲ್ಲಿ ದಿನಾ ಎರಡು ಹಾಸಿಗೆ ಹಾಸುತ್ತಿದ್ದಾರೆ, ಒಂದು ಸಾಕು ಅನ್ನುವುದು ಹೇಗೆಂದು ಗೊತ್ತಿಲ್ಲ ಎಂದನಂತೆ. ಹೆಂಡತಿ ಮಾರೆತ್ ಈ ಪ್ರವಾಸಕ್ಕೆಂದು ಎರಡು ವರ್ಷದಿಂದ ಜಪಾನಿ ಕಲಿಯುತ್ತಿದ್ದಳು. ಪಾತ್ರೆ ತೊಳೆಯುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಅವಳು ಮಾತಾಡುವುದು, ಇವನು ಪೆಟ್ಟಿಗೆ ಹೊರುವುದು ಎಂದು ತೀರ್ಮಾನವಾಗಿತ್ತು. ವಸಂತದಲ್ಲಿ ಅವಳು ತೀರಿಕೊಂಡಳು. ಟಿಕೆಟ್ಟು ಇತ್ತು, ಕೋಣೆ ಇತ್ತು, ಬಂದುಬಿಟ್ಟ. ಬೆರಳಿನ ವಿಚಾರ ಕಿಯೊನೊ-ಸಾನ್ ಕೇಳಿದರು. ಬೇಕೆಂದು ಎತ್ತಿದ್ದಲ್ಲ, ಎಲ್ಲಿ ಹೋದರೂ ಎರಡು ಎತ್ತಿ ಅಭ್ಯಾಸವಾದ ಕೈ, ಎತ್ತಿದ ಮೇಲೆ ಒಂದನ್ನು ಮಡಿಸಲು ಮನಸ್ಸು ಬರಲಿಲ್ಲ ಎಂದ.

ಆಕೆ ಅವನಿಗೆ "ಹಿತೊರಿ ದೆಸ್" ಎಂದು ಹೇಳಿಕೊಟ್ಟರು. ನಾನೊಬ್ಬನೇ, ಒಬ್ಬಳೇ, ಯಾರು ಹೇಳಿದರೂ ಅದೇ ಮಾತು. ಬೇರೆ ಮಾತುಗಳನ್ನೆಲ್ಲ ಚೆನ್ನಾಗಿಯೇ ಹೇಳುತ್ತಿದ್ದವನು ಇದನ್ನು ಮಾತ್ರ ಬಾಯಲ್ಲಿಯೇ ನುಂಗಿದ. ಒಮ್ಮೆ "ಹಿದಾರಿ ದೆಸ್" ಎಂದ.

"ಹಿದಾರಿ ಅಂದ್ರೆ ಎಡಗಡೆ. ನಾನು ಎಡಗಡೆ ಅಂದ್ರೆ ತೆರುಯೊ ನಿಮ್ಮನ್ನ ಪಾತ್ರೆ ತೊಳೆಯೋ ಕಡೆ ಕೂರಿಸ್ತಾಳೆ" ಎಂದು ಆಕೆ ಗದರಿದರು. ಅವನು ನಕ್ಕ.

ನಗು ನಿಂತ ಮೇಲೆ, ಇದನ್ನು ಹೇಳಿದರೆ ಜನ ಆಮೇಲೆ ಏನು ಕೇಳುತ್ತಾರೆ ಎಂದ. ಏನೂ ಕೇಳುವುದಿಲ್ಲ, ಕೂರಲು ಜಾಗ ತೋರಿಸುತ್ತಾರೆ ಎಂದರು ಆಕೆ. ಆಕೆಯೂ ಗಂಡನನ್ನು ಕಳೆದುಕೊಂಡವರೆಂದು ಅಷ್ಟರಲ್ಲಿ ತಿಳಿದಿದ್ದವನು, ಹಾಗಾದರೆ ನೀವೂ ದಿನಾ ಹೇಳುತ್ತೀರಲ್ಲ ಎಂದ. ಕಿಯೊನೊ-ಸಾನ್ ಹೌದು ಎಂದುಬಿಟ್ಟರು.

ಮಧ್ಯಾಹ್ನ ಇಬ್ಬರೂ ನನ್ನ ಅಂಗಡಿಗೆ ಬಂದರು. ಒಬ್ಬನೇ ಹೋಗಲು ಧೈರ್ಯವಿಲ್ಲ, ತಪ್ಪಿದರೆ ತಿದ್ದಲು ಬಾಗಿಲವರೆಗೆ ಬನ್ನಿ ಎಂದು ಅವನು ಕೇಳಿಕೊಂಡಿದ್ದನಂತೆ. ಊಟದ ಗದ್ದಲ ಮುಗಿದಿತ್ತು, ನಾನು ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದೆ. ಪರದೆ ಸರಿಯಿತು. ಮುಂದೆ ಅವನು, ಅವನ ಬೆನ್ನ ಹಿಂದೆ ಕಿಯೊನೊ-ಸಾನ್. ನಾನು ಕೇಳಿದೆ. ಅವನ ಕೈ ಅರ್ಧ ಮೇಲೆದ್ದಿತು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೆಳಗಿಳಿಸಿ, "ಹಿತೊರಿ ದೆಸ್" ಎಂದ. ಮಗ್ಗಿ ಒಪ್ಪಿಸುವವನ ಹಾಗೆ, ಒಂದೊಂದು ಅಕ್ಷರವೂ ಬಿಡಿಸಿ. ನಾನು ಒಲೆಯೆದುರಿನ ಉದ್ದ ಹಲಗೆಯ ಬಳಿ ಒಂದು ಸ್ಟೂಲು ತೋರಿಸಿದೆ. ಅವನು ಹೋಗಿ ಕುಳಿತು, ಸರಿಯಾಯಿತೇ ಎಂಬಂತೆ ಹಿಂತಿರುಗಿ ನೋಡಿದ.

ಕಿಯೊನೊ-ಸಾನ್ ಹೊಸ್ತಿಲಲ್ಲೇ ನಿಂತಿದ್ದರು. ಬನ್ನಿ ಕೂತ್ಕೊಳ್ಳಿ ಎಂದುಬಿಡಬಹುದಿತ್ತು ನಾನು. ಅವನ ಜೊತೆಯವರು ಎಂದು ಸುಮ್ಮನೆ ಇನ್ನೊಂದು ಲೋಟ ಇಡಬಹುದಿತ್ತು. ಆದರೆ ಅವನು ಅಷ್ಟು ಕಷ್ಟಪಟ್ಟು ಹೇಳಿ ಕುಳಿತಿದ್ದಾನೆ, ಆಕೆಯನ್ನೇ ನೋಡುತ್ತಿದ್ದಾನೆ. ನನ್ನ ಬಾಯಿಂದ ಅಭ್ಯಾಸದ ಮಾತೇ ಬಂತು.

"ಎಷ್ಟು ಜನ?"

ಆಕೆಯ ಕೈ ಪರದೆಯ ಅಂಚನ್ನು ಹಿಡಿದುಕೊಂಡಿತು. ಹೊರಗೆ ಹೋಗಿಬಿಡುತ್ತಾರೆ ಎಂದೇ ನಾನು ತಿಳಿದೆ. ಕೈಯಲ್ಲಿದ್ದ ಚಾಕು ಕೆಳಗಿಡಲೂ ತೋಚಲಿಲ್ಲ. ಆಮೇಲೆ ಆಕೆ ಬೆನ್ನು ನೆಟ್ಟಗೆ ಮಾಡಿ, ಕೈ ಜೋಡಿಸಿ ಹೊಟ್ಟೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುವ ದನಿಯಲ್ಲಿ ಹೇಳಿದರು.

"ಹಿತೊರಿ ದೆಸ್."

ನಾನು ಜಾಗ ತೋರಿಸಿದೆ. ಅವನ ಪಕ್ಕದ ಸ್ಟೂಲು ಬಿಟ್ಟು ಅದರಾಚೆಯದು. ಹಾಗೇಕೆ ಮಾಡಿದೆ ಎಂದು ಈಗಲೂ ಹೇಳಲಾರೆ. ಒಬ್ಬರೇ ಎಂದು ಹೇಳಿದವರಿಗೆ ಒಬ್ಬರ ಜಾಗ ಕೊಡಬೇಕು ಎನಿಸಿರಬೇಕು.

ಇಬ್ಬರೂ ತಿಂದರು. ಅವನು ಸದ್ದು ಮಾಡಲು ಹೋಗಿ ಸಾರು ನೆತ್ತಿಗೇರಿಸಿಕೊಂಡು ಕೆಮ್ಮಿದ. ಆಕೆ ಖಾಲಿ ಸ್ಟೂಲಿನಾಚೆಯಿಂದ ನೀರಿನ ಲೋಟ ಸರಿಸಿದರು. ಆಕೆಯ ಕಡ್ಡಿಯಿಂದ ಶಾವಿಗೆ ಎರಡು ಸಲ ಜಾರಿ ಬಟ್ಟಲಿಗೆ ಬಿತ್ತು. ಇನ್ನಷ್ಟು ಈರುಳ್ಳಿ ಸೊಪ್ಪು ಹಾಕು ಎಂದರು. ಶೂಜಿ-ಸಾನ್‌ಗೆ ಅದರ ವಾಸನೆ ಆಗುತ್ತಿರಲಿಲ್ಲವಾದ್ದರಿಂದ ಇಷ್ಟು ವರ್ಷ ಆಕೆಯೂ ಬಿಟ್ಟಿದ್ದರು ಎಂದು ನನಗೆ ಆವತ್ತು ಗೊತ್ತಾಯಿತು. ಏಳುವಾಗ ಅವನು "ಗೊಚಿಸೋಸಾಮಾ" ಎಂದ, ಊಟ ಚೆನ್ನಾಗಿತ್ತು ಎಂದು. ಅದನ್ನು ಆಕೆ ಕಲಿಸಿರಲಿಲ್ಲ. ಮಾರೆತ್ ಪಾತ್ರೆ ತೊಳೆಯುತ್ತ ಹೇಳಿಕೊಳ್ಳುತ್ತಿದ್ದದ್ದಂತೆ.

ಮರುದಿನ ಬೆಳಗಿನ ಹಡಗಿಗೆ ಅವನು ಹೊರಟುಹೋದ. ಕಿಯೊನೊ-ಸಾನ್ ಆವತ್ತು ಬಿ.ಪಿ. ತೋರಿಸಲು ಆಸ್ಪತ್ರೆಗೆ ಹೋಗಬೇಕಿತ್ತು, ಬೀಳ್ಕೊಡಲು ಆಗಲಿಲ್ಲ. ಆಮೇಲೆ ಅವನಿಂದ ಸುದ್ದಿಯೇನೂ ಬರಲಿಲ್ಲ. ಬರಬೇಕು ಎಂದು ಆಕೆ ಕಾದ ಹಾಗೂ ಕಾಣಲಿಲ್ಲ.

ಹೊಸ ವರ್ಷ ಕಳೆದ ಮೇಲೆ ನಿಲ್ದಾಣದಲ್ಲಿ ಒಂದು ದೊಡ್ಡ ಕಂಪ್ಯೂಟರ್ ಪರದೆ ತಂದು ನಿಲ್ಲಿಸಿದರು. ಮುಟ್ಟಿದರೆ ಯಾವ ಭಾಷೆಯಲ್ಲಿ ಬೇಕಾದರೂ ಮಾತಾಡುತ್ತದೆ. ಸಂಘದವರು ಕಿಯೊನೊ-ಸಾನ್‌ಗೆ ಒಂದು ಹೂಗುಚ್ಛ ಕೊಟ್ಟು, ಚಳಿಯಲ್ಲಿ ಇನ್ನು ನೀವು ಕಷ್ಟಪಡುವುದು ಬೇಡ ಎಂದರು. ಆಕೆ ಸ್ವಲ್ಪ ದಿನ ಹಾಗೆಯೇ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರು. ಇಳಿದವರು ಆಕೆಯೂ ಹಡಗಿಗೆ ಕಾಯುತ್ತಿದ್ದಾರೆ ಎಂದುಕೊಂಡು ಪರದೆಯ ಕಡೆ ಹೋಗುತ್ತಿದ್ದರು. ಆಮೇಲೆ ಹೋಗುವುದು ಬಿಟ್ಟರು.

ನನ್ನ ಅಂಗಡಿಗೆ ಮಾತ್ರ ಮುಂದಿನ ಬಾಗಿಲಿನಿಂದ ಬರುತ್ತಾರೆ. ವಾರವೆಂಬ ಲೆಕ್ಕವಿಲ್ಲ, ಕೆಲವೊಮ್ಮೆ ಎಷ್ಟೋ ದಿನ ಬರುವುದಿಲ್ಲ. ಫೆಬ್ರವರಿಯಲ್ಲಿ ಗಾಳಿ ಎದ್ದು ಹಡಗಿನ ಓಡಾಟ ನಿಂತಿದ್ದ ಒಂದು ಬುಧವಾರ ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ. ನಾನೂ ಒಂದು ಬಟ್ಟಲು ಹಾಕಿಕೊಂಡು ಆಕೆಯ ಪಕ್ಕದಲ್ಲಿ ಕುಳಿತೆ. ಉರ್ಮಾಸ್ ತಂಗಿದ್ದ ವಸತಿಮನೆಯ ಕಟ್ಟೆಯ ಮೇಲೆ ನಡೆದ ಮಾತೆಲ್ಲ ಆಕೆ ಹೇಳಿದ್ದು ಆವತ್ತೇ. ಗಂಟಲು ಕಟ್ಟಿತ್ತು. ಶೀತವಾ ಎಂದು ಕೇಳಿದೆ.

"ಇಲ್ಲ. ಶುಕ್ರವಾರದಿಂದ ಯಾರ ಹತ್ರಾನೂ ಮಾತಾಡಿರ್ಲಿಲ್ಲ, ಅದಕ್ಕೆ" ಎಂದರು.

ನಾನು ಎದ್ದು ಸಾರು ಬಿಸಿ ಮಾಡಿ ಮತ್ತೆ ಬಡಿಸಿದೆ. ಆಕೆ ಕುಡಿದು, ಕತ್ತಿಗೆ ಶಾಲು ಸುತ್ತಿಕೊಂಡು, ನಾಳೆ ಹಡಗು ಬರುತ್ತದೆಯೇ ಎಂದು ಕೇಳಿದರು. ಗಾಳಿ ನಿಂತರೆ ಬರುತ್ತದೆ ಎಂದೆ. ಬಾಗಿಲು ತೆರೆದಾಗ ಮೇಜಿನ ಮೇಲಿದ್ದ ಕೈವಸ್ತ್ರಗಳು ಹಾರಿದವು. ನಾನು ಅವನ್ನು ಹೆಕ್ಕಿ ಜೋಡಿಸಿ ತಲೆಯೆತ್ತುವಷ್ಟರಲ್ಲಿ ಆಕೆ ಏರು ಹಾದಿಯಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಹಿಮ್ಮುಖವಾಗಿ ಒಂದೊಂದೇ ಹೆಜ್ಜೆ ಹತ್ತುತ್ತಿದ್ದರು.