ಪ್ರಾಜಕ್ತಾ ಎಳೆದ ಕೆಂಪು ಗೆರೆ

ಮತ್ತೆ ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರಾಲಿ, ಕಿವಿ ಹರಿಯುವ ಮರಾಠಿ ಹಾಡು, ಕಿಟಕಿ ಗಡಗಡ ಅಂತು, ಲ್ಯಾಪ್‌ಟಾಪ್ ಪರದೆಯ ಮೇಲಿನ ನೆಲದ ಪದರಗಳು ಮಾತ್ರ ಮಿಸುಕಲಿಲ್ಲ, ಹಳದಿ ಪದರದ ಕೆಳಗೆ ಹಸಿರು, ಹಸಿರಿನ ಕೆಳಗೆ ನೀಲಿ, ಎಷ್ಟು ಓರಣ, ಎಷ್ಟು ಸುಳ್ಳು — ಅವನ್ನೆಲ್ಲ ಕಡಿದುಕೊಂಡು ಇಳಿಯುತ್ತಿದ್ದ ನನ್ನ ಕೆಂಪು ಗೆರೆ ಎಲ್ಲಿ? ದೂರದ ಮರುಭೂಮಿಯ ನೆಲದೊಳಗಿನ ಬಿರುಕು ಅದು, ಮದುವೆಗೆ ಮುಂಚೆ ನಿಪ್ಪಾಣಿಯ ಆಫೀಸಿನಲ್ಲಿ ಕಣ್ಣು ಉರಿಯುವವರೆಗೆ ಕೂತು ಗುರುತಿಸಿದ ಫಾಲ್ಟ್, ಒಳಗೆ ಗ್ಯಾಸು ಒತ್ತಿಕೊಂಡಿದೆ, ಎಣ್ಣೆಬಾವಿ ಕೊರೆಯುವವರು ನಾಳೆ ಈ ನಕಾಶೆ ನಂಬಿ ಕೊರೆದರೆ ನೇರ ಅದಕ್ಕೇ ತಾಗುತ್ತಾರೆ, ಮೇಲೆ ನಿಂತವರ ಗತಿ? ಸಪನಾ ಈಗಷ್ಟೇ ಫೋನಿನಲ್ಲಿ, ಆಫೀಸಿನ ಹೊಸ ಹುಡುಗಿ, ಅಳುವುದೊಂದು ಬಾಕಿ, ಸರ್ ಪ್ರಾಜೆಕ್ಟ್ ಹಸನ ಮಾಡು ಅಂದ್ರರಿ, ಬಿಟ್ಟ ಹೋದವರದೆಲ್ಲಾ ತಗದ ಹಾಕು ಅಂದ್ರು, ಪ್ರಾಜಕ್ತಾ ಅನ್ನಾಕಿ ಬಿಟ್ಟ ಹೋಗ್ಯಾಳ ಅಂತ ತಿಳಕೊಂಡ್ನಿರಿ ಮನೀಷಾ ಮೇಡಂ — ಬಿಟ್ಟು ಹೋಗಿದ್ದಾಳಂತೆ, ಇಲ್ಲೇ ಅಂಕಲಿಯಲ್ಲಿ, ಗಂಡನ ಮನೆಯ ನಡುಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೇನೆ, ನಾನೇ ಅವಳು!

ಮಂಟಪದಲ್ಲಿ ತಟ್ಟೆ ತುಂಬ ಅಕ್ಕಿ, ಗಂಡ ಅಮೋಲ ಉಂಗುರದಿಂದ ಮನೀಷಾ ಎಂದು ಬರೆದ, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ನಕ್ಕೆ, ನಮ್ಮ ಕಡೆ ಮದುವೆಯಾದವಳಿಗೆ ಹೊಸ ಹೆಸರಿಡುವುದು ಹೀಗೇ, ಮನೆಯಲ್ಲೊಂದು ಹೆಸರು ಇರಲಿ ಬಿಡು — ಆದರೆ ಆಫೀಸಿನ ಮುಖ್ಯಸ್ಥ ಕಾಕಾಸಾಹೇಬ ಸರ್‌ಗೆ ಏನು ಕೇಡು ಬಂದಿತ್ತು, ಹೋಳಿಗೆ ಉಂಡು ಹೋದವರು ನನ್ನನ್ನು ಒಂದು ಮಾತು ಕೇಳದೆ ಲಾಗಿನ್ ಹೆಸರನ್ನೂ ಬದಲಿಸಿಬಿಟ್ಟರು, ನನ್ನ ಕಡಿಂದ ಮದವಿ ಉಡುಗೊರಿ, ಆಹೇರ ಅಂತ ತಿಳಕೊಳ್ಳವ್ವಾ! ಈಗ ನಾನು ಫೋನ್ ಮಾಡಿದರೆ ಅದೇ ಬಾಯಿ ನಗುತ್ತಿದೆ, ಅದಕ್ಯಾಕ ಇಷ್ಟ ಸಿಟ್ಟ, ಮನೀಷಾ ಹೆಸರಿಲೆ ಮತ್ತೊಮ್ಮಿ ಗೆರಿ ಎಳಿ, ಮುಗೀತು — ಮುಗೀತಂತೆ, ಹೊಸ ಗೆರೆ ಎಂದರೆ ಹೊಸ ತಪಾಸಣೆ, ಅದು ಮುಗಿಯುವಷ್ಟರಲ್ಲಿ ಬಾವಿ ಕೊರೆದು ಆಗಿರುತ್ತದೆ, ಹಿರಿಯರೆಲ್ಲ ನೋಡಿ ಒಪ್ಪಿದ್ದು ಪ್ರಾಜಕ್ತಾ ಎಳೆದದ್ದನ್ನು, ಮನೀಷಾ ಯಾವ ಗೆರೆಯನ್ನೂ ಎಳೆದಿಲ್ಲ, ಮನೀಷಾ ಕಾಲೇಜಿಗೇ ಹೋಗಿಲ್ಲ, ಅವಳು ಹುಟ್ಟಿದ್ದೇ ಆ ಅಕ್ಕಿಯಲ್ಲಿ. ಸರ್, ನನ್ನ ಹೆಸರ ನನಗ ತಿರಿಗಿ ಕೊಡ್ರಿ, ಆ ಹೆಸರಿನ ಗೆರಿನೂ ಹಳೇ ಪ್ರತಿಯಿಂದ ತಿರಿಗಿ ತರ್ರಿ, ಈಗಿಂದೀಗ, ಇಲ್ಲಂದ್ರ ಬಾವಿ ಕೊರಿಯವರಿಗೆ ನಾನ ಫೋನ್ ಹಚ್ತೀನಿ, ಗೆರಿ ಯಾಕ ಮಾಯ ಆತು ಅನ್ನೂದೂ ಹೇಳ್ತೀನಿ. ಆ ಕಡೆ ನಗು ನಿಂತಿತು, ಮನ್ಯಾಗ ಏನಂತಾರ ವಿಚಾರ ಮಾಡಿಯೇನ, ಮಾಡೀನ್ರಿ, ಕೊಡ್ರಿ, ಆಮೇಲೆ ಬರೀ ಕೀಲಿಮಣೆಯ ಟಪಟಪ, ನನ್ನ ಪರದೆ ಒಮ್ಮೆ ಬೆಳ್ಳಗಾಯಿತು, ಪದರಗಳು ಒಂದೊಂದಾಗಿ ಮೂಡಿದವು, ಹಳದಿಯನ್ನು ಕಡಿದು, ಹಸಿರನ್ನು ಕಡಿದು, ನೀಲಿಯನ್ನು ಕಡಿದು, ಬಾವಿಯ ಗುರುತಿಗೆ ಸರಿಯಾಗಿ ಅಡ್ಡ, ಬಂತು, ಬಂತು — ಮನೀಷಾ, ಚಾ ಆರಾಕತ್ತೈತಿ, ಒಳಗಿಂದ ಅತ್ತೆ ಕಸ್ತೂರೆವ್ವ, ಏ ಮನೀಷಾ, ಕೇಳಸಾಕತ್ತೈತಿಲ್ಲ, ಯಾರನ್ನು ಕರೆಯುತ್ತಿದ್ದಾರೋ, ನಾನು ಏಳುವುದಿಲ್ಲ, ಕೆಂಪು ಗೆರೆ, ಅದರ ತುದಿಗೆ ಪ್ರಾಜಕ್ತಾ, ಕೆಂಪು ಗೆರೆ