ಕಂಡಕ್ಟರ್ ಗೋಪಾಲಪ್ಪನ ಟೀ

"ಪ್ಲಗ್ಗು ಕೀಳಮ್ಮಾ," ಎಂದರು ಯಾರೋ. ಗೋಡೆಯ ಪಕ್ಕದಲ್ಲಿ ಕೂತಿದ್ದವಳು ತಾನೇ ಆದ್ದರಿಂದ ಪದ್ಮಶ್ರೀ ಬಗ್ಗಿ ಕಿತ್ತಳು. ರಾತ್ರಿಯಿಂದ ಗುಂಯ್‌ಗುಡುತ್ತಿದ್ದ ಗೋಪಾಲಪ್ಪನ ಹೆಣವಿಟ್ಟ ಫ್ರೀಜರ್ ಪೆಟ್ಟಿಗೆ ಒಮ್ಮೆ ನಡುಗಿ ಸುಮ್ಮನಾಯಿತು. ಅದುವರೆಗೆ ಆ ಸದ್ದಿನ ಮರೆಯಲ್ಲಿದ್ದ ಪಿಸುಮಾತೆಲ್ಲ ಒಂದೇ ಸಲಕ್ಕೆ ಬಯಲಿಗೆ ಬಿತ್ತು.

"...ಯಮ ಬಂದ್ರೂ ತಡೀ ಗುರು, ಒಂದ್ ಟೀ ಕುಡ್ದು ಬರ್ತೀನಿ ಅಂದಿರ್ತಾನೆ ಬಿಡು," ಎನ್ನುತ್ತಿದ್ದ ನೆರೆಮನೆಯ ಅಂಬರೀಶ್, ತನ್ನ ದನಿ ಇಡೀ ನಡುಮನೆಗೆ ಕೇಳಿಸಿದ್ದು ಗೊತ್ತಾಗಿ ನಾಲಿಗೆ ಕಚ್ಚಿಕೊಂಡ. ಆದರೂ ನಾಲ್ಕಾರು ಜನ ನಕ್ಕರು, ಮೂಗು ಒರೆಸಿಕೊಳ್ಳುವ ನೆವದಲ್ಲಿ. ಪದ್ಮಶ್ರೀಯ ತುಟಿಯೂ ಅರಳಿಬಿಟ್ಟಿತು. ಹತ್ತು ಜನ ನಕ್ಕಾಗ ತಾನಾಗಿ ಬರುವ ನಗು ಅದು. ಗೋಪಾಲಪ್ಪನ ಹೆಂಡತಿ ಪಿಳ್ಳಮ್ಮ ಅದನ್ನು ನೋಡಿದಳು.

"ನಗ್ಲಿ ಬಿಡವ್ವಾ," ಎಂದಳು ಪಿಳ್ಳಮ್ಮ, ಬೈಗುಳವಿಲ್ಲದ ದನಿಯಲ್ಲಿ. "ಮನೇಲಿ ಅವ್ರು ಟೀ ಮುಟ್ತಿರ್ಲಿಲ್ಲ. ಎದೆ ಉರಿ ಅಂತಿದ್ರು. ಬಸ್‌ಸ್ಟ್ಯಾಂಡಲ್ಲಿ ಅದೆಂಗೆ ಕುಡೀತಿದ್ರೋ, ನಂಗಂತೂ ತಿಳೀಲಿಲ್ಲ."

ಪದ್ಮಶ್ರೀ ತಲೆ ತಗ್ಗಿಸಿ, ಕಿತ್ತ ವೈರನ್ನು ಬೇಕಿಲ್ಲದಿದ್ದರೂ ಸುತ್ತತೊಡಗಿದಳು.

ಗೋಪಾಲಪ್ಪ ಕೊನೆಯ ಉಸಿರು ಬಿಟ್ಟದ್ದು ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯ ಗೇಟಿನಲ್ಲಿ, ಸೆಕ್ಯುರಿಟಿಯವರ ನೀಲಿ ಅಂಗಿಯಲ್ಲಿ. ಆದರೆ ಊರಿನ ಬಾಯಲ್ಲಿ ಅವನು ಸೆಕ್ಯುರಿಟಿ ಆಗಲೇ ಇಲ್ಲ. ದೊಡ್ಡಬಳ್ಳಾಪುರದಿಂದ ತೂಬಗೆರೆ ಮೇಲೆ ಊರಿಗೆ ಬರುತ್ತಿದ್ದ ಪ್ರೈವೇಟ್ ಬಸ್ಸಿನ ಕಂಡಕ್ಟರಾಗಿಯೇ ಉಳಿದ. ಟೀ ಗೋಪಾಲಪ್ಪ. ಟೀ ಚಟಕ್ಕೆ ಕೆಲಸ ಕಳಕೊಂಡವನು.

*

ಗೋಪಾಲಪ್ಪ ಬಸ್ಸಿನಲ್ಲಿದ್ದಾಗ ಪದ್ಮಶ್ರೀಗೆ ಹದಿನಾಲ್ಕು. ದೊಡ್ಡಬಳ್ಳಾಪುರದ ಒಂದು ಹಳೇ ಕಟ್ಟಡದಲ್ಲಿ ಹಳ್ಳಿ ಮಕ್ಕಳಿಗೆಂದೇ ಪುಕ್ಕಟೆ ಭರತನಾಟ್ಯದ ಕ್ಲಾಸು ಶುರುವಾಗಿತ್ತು. ಕಲಿಸುವ ಪ್ರಮೋದಾ ಮೇಡಂ ಬೆಂಗಳೂರಿನಲ್ಲಿ ಕೆಲಸ ಮುಗಿಸಿ, ಟ್ರಾಫಿಕ್ಕು ದಾಟಿ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಹಾಗಾಗಿ ಹಳ್ಳಿಗೆ ಹೋಗುವ ಕೊನೇ ಬಸ್ಸು ಹೊರಡುವ ಹೊತ್ತಿಗೆ ಹಳ್ಳಿ ಮಕ್ಕಳ ಕ್ಲಾಸು ಇನ್ನೂ ಅರ್ಧದಲ್ಲಿರುತ್ತಿತ್ತು. ಕ್ಲಾಸು ಶುರು ಮಾಡಿದವರಿಗೆ ಇದು ಹೊಳೆದಿರಲಿಲ್ಲ.

ಪದ್ಮಶ್ರೀಯೂ ಗೆಳತಿ ಸಿಂಧುವೂ ಮನೆಯಲ್ಲಿ ಮ್ಯಾತ್ಸ್ ಟ್ಯೂಷನ್ ಎಂದು ಹೇಳಿದ್ದರು. ಕುಣಿಯುವುದು ಎಂದರೆ ಇಬ್ಬರ ಮನೆಯಲ್ಲೂ ಹೊಸಿಲು ದಾಟಿಸುತ್ತಿರಲಿಲ್ಲ. ಮೊದಲ ದಿನ ಓಡಿ ಬಂದಾಗ ಬಸ್ಸು ಸ್ಟ್ಯಾಂಡಿನಿಂದ ಆಚೆ ತಿರುಗಿತ್ತು. ಗೋಪಾಲಪ್ಪ ಸೀಟಿ ಊದಿ ನಿಲ್ಲಿಸಿದ.

"ಎಲ್ಲಿಂದ್ರಮ್ಮಾ ಈ ಪಾಟಿ ಓಟ?"

"ಟ್ಯೂಷನ್ ಅಂಕಲ್."

ಅವನು ಚಪ್ಪಲಿ ಕೈಯಲ್ಲಿ ಹಿಡಿದಿದ್ದ ಅವರ ಪಾದ ನೋಡಿದ. ಸಿಮೆಂಟು ನೆಲದ ಮೇಲೆ ತಟ್ಟಿ ತಟ್ಟಿ ಕೆಂಪಗೆ ಊದಿಕೊಂಡಿದ್ದವು. "ಲೆಕ್ಕ ಕಾಲಲ್ಲಿ ಹೇಳ್ಕೊಡ್ತಾರೇನು?" ಎಂದ. ಸಿಂಧು ಅಳುವುದೊಂದು ಬಾಕಿ. ಪದ್ಮಶ್ರೀ ಎಲ್ಲ ಹೇಳಿಬಿಟ್ಟಳು. ಅವನು ಟಿಕೆಟ್ ಹರಿದುಕೊಟ್ಟು ಮುಂದೆ ಹೋದ.

ಮರುದಿನದಿಂದ ಗೋಪಾಲಪ್ಪನಿಗೆ ಟೀ ಹುಚ್ಚು ಹಿಡಿಯಿತು. ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ ಅಂಗಡಿ ಮುಂದೆ ಗ್ಲಾಸು ಹಿಡಿದು ನಿಲ್ಲುವನು. ಫ್ಯಾಕ್ಟರಿಯಿಂದ ಸುಸ್ತಾಗಿ ಬಂದ ಗಂಡಸರು, ಪದ್ಮಶ್ರೀಯ ಅಪ್ಪನೂ ಸೇರಿ, ಕಿಟಕಿಯಿಂದ ತಲೆ ಹಾಕಿ ಬೈಯುವರು.

"ಲೇ ಗೋಪಾಲಪ್ಪಾ, ಟೀ ಕುಡೀತಿದ್ದೀಯೋ ಗದ್ದೆಗೆ ನೀರು ಕಟ್ತಿದ್ದೀಯೋ?"

"ಬಿಸಿ ಐತೆ ಗುರು. ನಾಲಿಗೆ ಸುಟ್ರೆ ತೂಬ್ಗೆರೆ ತೂಬ್ಗೆರೆ ಅಂತ ಕೂಗೋರ್ಯಾರು? ನೀನ್ ಕೂಗ್ತೀಯಾ?"

ಮೂಲೆಯಲ್ಲಿ ಇಬ್ಬರು ಹುಡುಗಿಯರು ಕಂಡೊಡನೆ ಟೀ ಆರಿಬಿಡುತ್ತಿತ್ತು. ಅವರು ಹಿಂದಿನ ಬಾಗಿಲಲ್ಲಿ ಹತ್ತುವರು. ಅವನು ಆ ಕಡೆ ನೋಡುತ್ತಲೂ ಇರಲಿಲ್ಲ. ಇದು ಯಾರ ಗಮನಕ್ಕೂ ಬಂದಂತಿರಲಿಲ್ಲ. ಎಲ್ಲರ ಕಣ್ಣು ಗ್ಲಾಸಿನ ಮೇಲಿತ್ತು.

*

ಅಂಗಳದಲ್ಲಿ ಹೆಣಕ್ಕೆ ನೀರು ಹಾಕುತ್ತಿದ್ದರು. ಬಿಂದಿಗೆ ತುಂಬಿಸಲು ನಲ್ಲಿಯ ಬಳಿ ನಿಂತಿದ್ದ ಪದ್ಮಶ್ರೀಯ ಪಕ್ಕಕ್ಕೆ ಮುದುಕನೊಬ್ಬ ಬಂದು ನಿಂತ. ಆ ಬಸ್ಸಿನ ಡ್ರೈವರ್ ಮುನಿಸ್ವಾಮಿ. ಕನ್ನಡಕ ಬಂದಿತ್ತು, ಹಲ್ಲು ಹೋಗಿತ್ತು.

"ಹಿಂದಿನ ಸೀಟಿನ ಹುಡ್ಗಿ ಅಲ್ವೇನಮ್ಮಾ ನೀನು? ಈಗೇನ್ ಮಾಡ್ತಿದ್ದೀಯ?"

"ಗಾರ್ಮೆಂಟ್ಸಲ್ಲಿ ಲೆಕ್ಕ ಬರೀತೀನಿ ಅಣ್ಣ."

"ಅಂದ್ರೆ ಟ್ಯೂಷನ್ನು ಉಪಯೋಗಕ್ಕೆ ಬಂತು," ಎಂದ. ನಗಲಿಲ್ಲ. "ಅವತ್ತು ಗೋಪಾಲಪ್ಪನ್ನ ಬಸ್ ಓನರ್ ಮುಂದೆ ನಿಲ್ಸಿದ್ರಲ್ಲ, ನಿಜ ಹೇಳೋ ಮಾರಾಯ ಅಂತ ಕೈ ಹಿಡ್ಕೊಂಡೆ. ಹುಡ್ಗೀರು ಮನೇಲಿ ಬೇರೆ ಹೇಳವ್ರೆ, ನಾವ್ಯಾಕೆ ಕೆಡ್ಸೋದು ಅಂದ. ಟೀ ಚಟ ಸ್ವಾಮಿ, ತಪ್ಪಾಯ್ತು ಅಂತ ಒಪ್ಕೊಂಡ್ಬಿಟ್ಟ."

ಬಿಂದಿಗೆ ತುಂಬಿ ಹರಿಯತೊಡಗಿತ್ತು.

"ಆಮೇಲಾದ್ರೂ ನೀವು ಯಾಕೆ ಹೇಳ್ಲಿಲ್ಲ ಅಣ್ಣ?"

"ನಾನಾ? ಡ್ರೈವರ್ ಬಾಯಲ್ಲಿ ಹುಡ್ಗೀರ ಹೆಸ್ರು ಬಂದ್ರೆ ಊರು ಯಾವ ಕಡೆ ಯೋಚ್ನೆ ಮಾಡುತ್ತೆ, ನಿಂಗೊತ್ತಿಲ್ವಾ? ಹೇಳೋದಾದ್ರೆ ನೀವೇ ಹೇಳ್ಬೇಕಿತ್ತು. ಆ ಇನ್ನೊಂದು ಹುಡ್ಗಿ ಮದ್ವೆಯಾಗಿ ಹೊಸಕೋಟೆ ಕಡೆ ಹೋಯ್ತಂತೆ. ಉಳ್ದಿರೋಳು ನೀನು." ಅವನು ನಲ್ಲಿ ತಿರುಗಿಸಿ ನಿಲ್ಲಿಸಿದ. "ಹೆಂಗಸ್ರು ಹುಣಸೇಮರದ ತಂಕ ಬರ್ತೀರಲ್ಲ. ಅಲ್ಲೀ ತಂಕ ಟೈಮೈತೆ. ಮಣ್ಣಿಗೆ ಹೋದ್ಮೇಲೆ ಅವನು ಟೀ ಗೋಪಾಲಪ್ಪನೇ."

*

ಗೋಪಾಲಪ್ಪನ ಕೆಲಸ ಹೋದ ದಿನ ರಾತ್ರಿ ಪದ್ಮಶ್ರೀಯ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು. ಅಪ್ಪ ಬೈರೇಶ್ ಕೈ ತೊಳೆದು ಕೂತವನೇ ಸುದ್ದಿ ಹೇಳಿದ.

"ಇವತ್ತು ಆ ಟೀ ಆಸಾಮೀನ ಕೆಳಗಿಳ್ಸಿದ್ವಿ. ಹತ್ತು ಜನ ಓನರ್ ಅಂಗಡಿಗೇ ಹೋಗಿದ್ವಿ. ನಾನೇ ಮಾತಾಡ್ದೆ."

"ಪಾಪ, ಸಂಸಾರಸ್ಥ," ಎಂದಳು ಅಮ್ಮ.

"ನಾವೇನು ಸನ್ಯಾಸಿಗಳಾ? ಮಿಷನ್ ಮುಂದೆ ನಿಂತು ನಿಂತು ಕಾಲು ಬಿದ್ದೋಗಿರ್ತಾವೆ. ದಿನಾ ಅವನ ಟೀ ಆರೋ ತಂಕ ಕಾಯ್ಬೇಕಾ?" ಅಪ್ಪ ಯಾಕೋ ಪದ್ಮಶ್ರೀಯತ್ತಲೇ ನೋಡುತ್ತ ಹೇಳಿದ: "ನಿಂಗೂ ಒಳ್ಳೇದೇ. ಇನ್ಮೇಲೆ ಬೇಗ ಮನೆ ಸೇರ್ಬಹುದು."

ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಕ್ಲಾಸು ಹೋಗುತ್ತದೆ. ಅವಳು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿ, "ಹೂಂ" ಎಂದಳು.

ಕ್ಲಾಸು ಹೇಗೂ ಹೋಯಿತು. ಹೊಸ ಕಂಡಕ್ಟರು ಟೈಮಿಗೆ ಸರಿಯಾಗಿ ಸೀಟಿ ಊದುತ್ತಿದ್ದ. ಕೆಲವು ದಿನ ಅರ್ಧಕ್ಕೇ ಗೆಜ್ಜೆ ಬಿಚ್ಚಿ ಓಡಿದರು. ಮೊದಲು ಸಿಂಧು ಬಿಟ್ಟಳು, ಆಮೇಲೆ ಅವಳು. ಮುಂದಿನ ವರ್ಷ ಹಳ್ಳಿ ಮಕ್ಕಳು ಬರುವುದಿಲ್ಲ, ಆಸಕ್ತಿಯಿಲ್ಲ ಎಂದು ಆ ಕಟ್ಟಡಕ್ಕೆ ಬೀಗ ಹಾಕಿದರು.

*

ಗೋಪಾಲಪ್ಪನ ಮನೆಯ ಹಿಂದೆ ಬೈರೇಶ್ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ. ಊರಲ್ಲಿ ಯಾರು ಸತ್ತರೂ ಈ ಕೆಲಸಕ್ಕೆ ಅವನೇ. ಪದ್ಮಶ್ರೀ ಎದುರಿಗೆ ಕುಕ್ಕರಗಾಲಲ್ಲಿ ಕೂತು ಹಗ್ಗದ ತುದಿ ಹಿಡಿದುಕೊಂಡಳು.

"ಅಪ್ಪಾ, ಗೋಪಾಲಪ್ಪ ಬಸ್ಸು ನಿಲ್ಲಿಸ್ತಿದ್ದಿದ್ದು ನನಗೋಸ್ಕರ. ನಾನು ಟ್ಯೂಷನ್ನಿಗೆ ಹೋಗ್ತಿರ್ಲಿಲ್ಲ."

"ಬಿಗಿಯಾಗ್ ಹಿಡ್ಕೋ," ಎಂದ ಬೈರೇಶ್. ಗಂಟು ಹಾಕಿದ. ಇನ್ನೊಂದು ಸುತ್ತು ಸುತ್ತಿದ. "ಗೊತ್ತು."

ಅವಳು ಹಗ್ಗ ಬಿಟ್ಟಳು.

"ನೀವು ಹತ್ತಿದ ತಕ್ಷಣ ಅವನ ಟೀ ಮುಗೀತಿತ್ತು. ಉಳಿದೋರಿಗೆ ಕಾಣ್ಲಿಲ್ಲ. ನಾನು ನಿಮ್ಮಪ್ಪ, ನಂಗೆ ಕಾಣುತ್ತೆ. ಒಂದಿನ ರಜ ಹಾಕಿ ಹಿಂದೆ ಬಂದೆ. ಕಿಟಕೀಲಿ ನಿಂತು ನೋಡ್ದೆ." ಅವನು ಬಿದಿರಿನ ಸಿಬಿರು ಕೀಳುತ್ತ ತಲೆ ಎತ್ತಲಿಲ್ಲ. "ಚೆನ್ನಾಗ್ ಮಾಡ್ತಿದ್ದೆ. ಅದಕ್ಕೇ ಹೆದ್ರಿಕೆಯಾಯ್ತು."

"ನನ್ನ ಕೇಳ್ಬಹುದಿತ್ತು. ಬೈದು ಬಿಡಿಸ್ಬಹುದಿತ್ತು."

"ಬೈದಿದ್ರೆ ನೀನು ಅಳ್ತಿದ್ದೆ, ನಿಮ್ಮಮ್ಮ ನಿನ್ ಕಡೆ ಸೇರ್ತಿದ್ಲು. ಬಸ್ಸು ಟೈಮಿಗೆ ಹೊರಟ್ರೆ ಯಾರ್ನೂ ಯಾರೂ ಏನೂ ಅನ್ನಂಗಿಲ್ಲ." ಸಿಬಿರು ಆಚೆ ಎಸೆದು ಹೇಳಿದ: "ಅವನಿಗೆ ಇನ್ನೊಂದು ಬಸ್ಸು ಸಿಗುತ್ತೆ ಅಂದ್ಕೊಂಡೆ. ಸಿಗ್ಲಿಲ್ಲ. ಈಗ ಕೆದಕ್ಬೇಡ ಪದ್ಮಾ. ಊರಲ್ಲಿ ನಾನು ತಿರುಗಾಡ್ಬೇಕು."

ಅವಳಿಗೆ ಆ ರಾತ್ರಿಯ ಊಟ ಕಣ್ಣಿಗೆ ಬಂತು. ಎದುರು ಬದುರು ಎರಡು ತಟ್ಟೆ. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಉಂಡು ಎದ್ದಿದ್ದರು. ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು. ಅದಕ್ಕೂ ಮುಖವಿರಲಿಲ್ಲ.

*

ಹುಣಸೇಮರದ ಕೆಳಗೆ ಚಟ್ಟ ಇಳಿಸಿದರು. ಅಲ್ಲಿ ಹೆಣದ ದಿಕ್ಕು ತಿರುಗಿಸಿ, ಹೊರುವವರು ಬದಲಾಗಬೇಕು. ಹೆಂಗಸರು ಕೊನೆಯ ಸಲ ನೋಡಿ ಹಿಂದಿರುಗಬೇಕು. ಮಗ ಆನಂದ್ ಕೆಂಡದ ಮಡಕೆ ಹಿಡಿದು ಮೂರು ಸುತ್ತು ಬಂದ. ಪಿಳ್ಳಮ್ಮ ಗಂಡನ ಹಣೆ ಸವರಿದಳು. ತಮಟೆಯವರು ಬೆವರು ಒರೆಸಿಕೊಂಡರು.

"ಎತ್ರಪ್ಪಾ ಇನ್ನ," ಎಂದರು ಹಿರಿಯರೊಬ್ಬರು.

"ಏಳು ಕಣಣ್ಣ," ಎಂದ ಅಂಬರೀಶ್, ಅಳು ಬಂದದ್ದನ್ನು ಮುಚ್ಚಲು ಕುಚೋದ್ಯದ ದನಿ ತಂದುಕೊಂಡು. "ಇಲ್ಲಿ ಟೀ ಅಂಗ್ಡಿ ಇಲ್ಲ."

"ಅದು ಟೀಗಲ್ಲ," ಎಂದಳು ಪದ್ಮಶ್ರೀ.

ದನಿ ಸಣ್ಣದಿತ್ತು. ಹತ್ತಿರವಿದ್ದವರಷ್ಟೇ ತಿರುಗಿದರು. ಅವಳು ಇನ್ನೊಮ್ಮೆ ಹೇಳಬೇಕಾಯಿತು.

"ಅವರು ಬಸ್ಸು ನಿಲ್ಲಿಸ್ತಿದ್ದಿದ್ದು ಟೀಗಲ್ಲ, ನಮಗೋಸ್ಕರ. ನಾನೂ ಸಿಂಧೂನೂ ದೊಡ್ಡಬಳ್ಳಾಪುರಕ್ಕೆ ಡ್ಯಾನ್ಸ್ ಕಲಿಯಕ್ಕೆ ಹೋಗ್ತಿದ್ವಿ. ಮನೇಲಿ ಟ್ಯೂಷನ್ ಅಂದಿದ್ವಿ. ಕ್ಲಾಸು ಬಿಡೋ ತಂಕ ಅವರು ಕಾಯ್ತಿದ್ರು. ಕೆಲಸದಿಂದ ತೆಗೆದಿದ್ದು ಅವತ್ತೇ ನಂಗೆ ಗೊತ್ತಾಯ್ತು. ಸುಮ್ನಿದ್ದೆ."

ಅಪ್ಪನ ಹೆಸರನ್ನು ಅವಳು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಓನರ್ ಅಂಗಡಿಗೆ ಹೋದ ಹತ್ತು ಜನರಲ್ಲಿ ಆರೇಳು ಜನ ಅಲ್ಲೇ ನಿಂತಿದ್ದರು. ಅವತ್ತು ಮಾತಾಡಿದವನು ಯಾರೆಂದು ಎಲ್ಲರಿಗೂ ನೆನಪಿತ್ತು. ಯಾರೂ ಬೈರೇಶನ ಕಡೆ ನೋಡಲಿಲ್ಲ. ಅಂಬರೀಶ್ ನೆಲ ನೋಡುತ್ತಿದ್ದ. ಮುನಿಸ್ವಾಮಿ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಉಜ್ಜತೊಡಗಿದ.

ಪಿಳ್ಳಮ್ಮ ಎದ್ದು ಪದ್ಮಶ್ರೀಯ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡು ಅವಳು ಕಾದಳು. ಬೈಯಲಿ ಎಂದೇ ಕಾದಳು.

"ಪೂರ್ತಿ ಕಲ್ತ್ಯೇನವ್ವಾ?" ಎಂದಳು ಪಿಳ್ಳಮ್ಮ.

ಪದ್ಮಶ್ರೀ ಇಲ್ಲವೆಂದು ತಲೆಯಾಡಿಸಿದಳು.

"ಹೂಂ," ಎಂದು ಪಿಳ್ಳಮ್ಮ ತಲೆಯ ಸೆರಗು ಸರಿಮಾಡಿಕೊಂಡಳು.

ತಮಟೆ ಮತ್ತೆ ಶುರುವಾಯಿತು. ಚಟ್ಟದ ಹಿಂದಿನ ಎಡಗಡೆ ಒಂದು ಹೆಗಲು ಬೇಕಿತ್ತು. ಬೈರೇಶ್ ಟವೆಲನ್ನು ನಾಲ್ಕು ಮಡಿಕೆ ಮಾಡಿ, ಬಿದಿರು ಒತ್ತದಂತೆ ಹೆಗಲ ಮೇಲೆ ಇಟ್ಟುಕೊಂಡು ಮುಂದೆ ಬಂದ. ಅವನು ಬಗ್ಗುವ ಮೊದಲೇ ಆನಂದನ ಭಾವಮೈದುನ ಆ ಜಾಗದಲ್ಲಿ ನಿಂತಿದ್ದ. ಬೈರೇಶ್ ಬಲಗಡೆಗೆ ಹೋದ, ಅಲ್ಲಿ ಅಂಬರೀಶ್ ಆಗಲೇ ಬಿದಿರು ಹಿಡಿದಿದ್ದ. ಚಟ್ಟ ಮೇಲೆದ್ದಿತು.

ಹೆಂಗಸರು ಊರ ಕಡೆ ಹೊರಟರು. ತಿರುವಿನಲ್ಲಿ ಪದ್ಮಶ್ರೀ ನಿಂತು ಹಿಂದೆ ನೋಡಿದಳು. ಹೊಲದ ಬದುವಿನ ಮೇಲೆ ಗಂಡಸರು ಒಬ್ಬರ ಹಿಂದೊಬ್ಬರು ಹೋಗುತ್ತಿದ್ದರು. ಎಲ್ಲರಿಗಿಂತ ಹಿಂದೆ, ಸ್ವಲ್ಪ ಅಂತರ ಬಿಟ್ಟು ಅಪ್ಪ ನಡೆಯುತ್ತಿದ್ದ. ಮಡಿಸಿದ ಟವೆಲು ಇನ್ನೂ ಅವನ ಹೆಗಲ ಮೇಲೇ ಇತ್ತು. ಜಾರದಿರಲೆಂದು ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದಿದ್ದ.