ಅವ್ವಣ್ಣನ ಸೇತುವೆ ಮಂತ್ರ

ಹೊಳಬಸಪ್ಪ ಹೊಡೆದ ಮೊಳೆ ಈ ಸಲವೂ ನಿಲ್ಲಲಿಲ್ಲ. ಅಂಗೈಯಗಲ ಪ್ಲಾಸ್ಟರನ್ನು ಕಿತ್ತುಕೊಂಡು ಕೆಳಗೆ ಬಿತ್ತು. ಬಿಳಿ ಪುಡಿ ಸತ್ತವನ ಹೆಗಲ ಮೇಲೆ ಉದುರಿತು.

"ಇದೇನ್ ಗ್ವಾಡಿನೋ ಹಪ್ಪಳೋ," ಎಂದು ಅವನು ಸುತ್ತಿಗೆ ಕೆಳಗಿಟ್ಟ.

"ನಿಂದಽ ಫ್ಲಾಟಪಾ. ನೀನಽ ಆರಿಸಿ ತಗೊಂಡಿದ್ದು," ಎಂದಳು ಸುಮಂಗಲಾ, ಸತ್ತ ಗಂಡನ ಹೆಗಲನ್ನು ಕೈಯಿಂದ ಕೊಡವುತ್ತ.

ಅವ್ವಣ್ಣ ನಿನ್ನೆ ಸಂಜೆ ತೀರಿಕೊಂಡಿದ್ದ. ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ, ಹಣೆಗೆ ಬಟ್ಟೆ ಸುತ್ತಿ ಗೋಡೆಯ ಮೊಳೆಗೆ ಕಟ್ಟಿ, ವಿಭೂತಿ ಬಳಿದು, ಕೂತ ಹಾಗೆಯೇ ಮಣ್ಣಿಗೆ ಇಳಿಸುತ್ತಾರೆ. ಹಿಂಜವಾಡಿಯ ಈ ಹೊಸ ಕಟ್ಟಡದ ಗೋಡೆಗಳಿಗೆ ಅಂಥ ಭಾರ ಹೊತ್ತು ರೂಢಿಯಿರಲಿಲ್ಲ. ಆಸ್ಪತ್ರೆಯಿಂದ ತಂದು ಮರದ ಕುರ್ಚಿಯಲ್ಲಿ ಕೂರಿಸಿದಾಗಿನಿಂದ ಯಾರಾದರೊಬ್ಬರು ಹಿಂದೆ ನಿಂತು, ಎರಡೂ ಕೈಯಿಂದ ಅವನ ತಲೆ ಹಿಡಿಯಬೇಕಾಗಿತ್ತು. ಬೆಳಗಿನಿಂದ ಹಿಡಿದಿದ್ದವಳು ಇಂಪನಾ. ಮೇಲಿನ ಮಹಡಿಯ ಹುಡುಗಿ, ಮೈಸೂರಿನ ಕಡೆಯವಳು, ಸಾಫ್ಟ್‌ವೇರ್ ಕೆಲಸ.

"ವೈನಿ," ಎಂದ ಹೊಳಬಸಪ್ಪ. ಸತ್ತವನ ಖಾಸಾ ತಮ್ಮ ಅವನು. "ದೌಂಡದಿಂದ ರೈಲು ಟೈಮಿಗೆ ಬಂತಂತ. ಆದ್ರ ಕ್ರಿಯಾ ಮಾಡೋ ಸ್ವಾಮಿಗಳ ಗಾಡಿ ಇನ್ನೂ ಫ್ಲೈಓವರ್ ಕೆಳಗಽ ನಿಂತದ. ಸೋಮವಾರ, ಆಫೀಸ್ ಗಾಡಿಗಳ ಸಂತಿ. ಹಿಂಗ ಎಷ್ಟೊತ್ತು ಹಿಡಕೊಂಡು ನಿಂದ್ರೋದು? ಮಲಗಿಸಿಬಿಡೋಣು. ಕರೆಂಟಿನ ಸ್ಮಶಾನಕ್ಕ ಫೋನ್ ಹಚ್ಚತೀನಿ."

"ಕೂತಽ ಹೋಗಬೇಕು ಅಂದಿದ್ರು. ಹುಟ್ಟಾ ನನ್ನ ಕಡೆ ಅವರು ಕೇಳಿದ್ದು ಅದೊಂದಽ. ಅದೂ ಆಗಂಗಿಲ್ಲಂದ್ರ ಏನ್ ಹೇಳ್ಲಿ?"

ಬಾಗಿಲ ಹತ್ತಿರ ನಿಂತಿದ್ದ ಶಮಂತ್ ಗಂಟಲು ಸರಿಮಾಡಿಕೊಂಡ. ಅವನೂ ಮೇಲಿನವನೇ, ಇಂಪನಾಳ ಗೆಳೆಯರ ಗುಂಪಿನವನು. "ಆಂಟಿ, ನನ್ನ ಹತ್ರ ಗೇಮಿಂಗ್ ಚೇರ್ ಇದೆ. ತಲೆಗೆ ಸಪೋರ್ಟ್ ಇದೆ, ವೀಲ್ಸ್ ಕೂಡ..."

"ನಮ್ಮಣ್ಣನ್ನ ಉರುಳಿಸ್ಕೋತ ಒಯ್ಯೋದೇನು?" ಎಂದ ಹೊಳಬಸಪ್ಪ.

ಶಮಂತ್ ಇಂಪನಾಳ ಬಳಿ ಹೋಗಿ ಮೆಲ್ಲಗೆ, "ಕೊಡು, ಸ್ವಲ್ಪ ಹೊತ್ತು ನಾನು ಹಿಡ್ಕೋತೀನಿ," ಎಂದ.

"ಬೇಡ. ಹಿಡಿದವರು ಇನ್ನೊಬ್ಬರ ಕೈಗೆ ಕೊಡೋ ಹಾಗಿಲ್ಲ."

"ಅದು ಮಂತ್ರಕ್ಕೆ ಕಣೇ."

"ಗೊತ್ತು."

ಸುಮಂಗಲಾ ಹಣೆ ಚಚ್ಚಿಕೊಂಡಳು. "ಹೆಣದ ಮುಂದ ಸೈತ ನಿಮ್ಮದು ಅದಽ ಆಟ. ಸಾಕಾಗಿ ಹೋಗೇದ ನನಗ."

*

ಆ ಆಟ ಮನೆಗೆ ಗಂಟುಬೀಳಲು ಕಾರಣ ಅವಳೇ. ಭಾನುವಾರ ಬಂದರೆ ಮೇಲಿನ ಮನೆಯಲ್ಲಿ ಕೂಗಾಟ. ತಡೆಯಲಾರದೆ ಗಂಡನನ್ನು ಜಗಳಕ್ಕೆ ಕಳಿಸಿದಳು. ಅವನು ಜಗಳ ಆಡುವುದು ಬಿಟ್ಟು ಮಾಂತ್ರಿಕನಾಗಿ ಇಳಿದು ಬಂದ. ಅಂದಿನಿಂದ ಪ್ರತಿ ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಮೇಲೆ ಹೋಗುವುದೇ.

ಒಂದು ಸಲ ಊಟಕ್ಕೆ ಕರೆಯಲು ಅವಳೇ ಹತ್ತಿ ಹೋಗಿದ್ದಳು. ಮೇಜಿನ ಸುತ್ತ ದಾಳಗಳು, ಶೇಂಗಾ ಸಿಪ್ಪೆ, ಚಹಾ ಕಪ್ಪು. ದಾಳ ಉರುಳಿಸುತ್ತ ಕತೆ ಕಟ್ಟುವ ಆಟ, ಶಮಂತ್ ಅದನ್ನು ನಡೆಸುವವನು. ಉಳಿದವರು ಕತೆಯೊಳಗಿನ ಕಳ್ಳಿ, ಯೋಧ, ವೈದ್ಯ. ಅವ್ವಣ್ಣ ಒಂದು ಕೈಯನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು ಕಲ್ಲಿನ ಹಾಗೆ ಕೂತಿದ್ದ. ಅವನ ಚಹಾ ಕೆನೆಗಟ್ಟಿತ್ತು.

"ಏನಾಗೇದ ಇವರಿಗೆ?"

"ಸೇತುವೆ ಹಿಡ್ಕೊಂಡಿದಾರೆ ಆಂಟಿ," ಎಂದ ಶಮಂತ್, ಅದೇ ಪಾಠ ಎಷ್ಟೋ ಸಲ ಹೇಳಿ ದಣಿದ ಮೇಷ್ಟರ ದನಿಯಲ್ಲಿ. "ಮಂತ್ರದ ಸೇತುವೆ. ಮಾಂತ್ರಿಕನಿಗೆ ದಿನಕ್ಕೆ ಇಷ್ಟೇ ಮಂತ್ರ ಅಂತ ಇರುತ್ತೆ. ಕೆಲವು ಎಸೆದ್ರೆ ಮುಗೀತು, ಬೆಂಕಿ ಉಂಡೆ ಥರ. ಕೆಲವನ್ನ ಮನಸ್ಸಿಟ್ಟು ಹಿಡ್ಕೊಂಡೇ ಇರ್ಬೇಕು, ಇಲ್ಲಾಂದ್ರೆ ಬಿದ್ದೋಗುತ್ತೆ. ಒಂದು ಹಿಡಿದಿರೋವಾಗ ಅಂಥದ್ದೇ ಇನ್ನೊಂದು ಹಿಡಿಯೋ ಹಾಗಿಲ್ಲ. ಅಷ್ಟೇ ರೂಲು. ನಡೀಬಹುದು, ಮಾತಾಡ್ಬಹುದು, ಬೆಂಕಿ ಉಂಡೆನೂ ಎಸೀಬಹುದು. ಅದೂ ಇವರ ಪಾತ್ರಕ್ಕೆ ರೂಲು, ಇವರಿಗಲ್ಲ. ಟೀ ಕುಡೀರಿ ಅಂಕಲ್ ಅಂದ್ರೂ ಕೇಳಲ್ಲ."

"ಹಿಡದಾಂವ ಬ್ಯಾರೆ ಕಡೆ ಕೈ ಹಾಕಬಾರದು," ಎಂದ ಅವ್ವಣ್ಣ, ತುಟಿ ಮಾತ್ರ ಅಲುಗಿಸಿ. "ಹುಡುಗಿ ಇನ್ನೂ ಸೇತುವೆ ನಡುವ ಅದಾಳ."

ಕಳ್ಳಿಯ ಪಾತ್ರದ ಇಂಪನಾ ಎರಡೂ ಕೈ ಜೋಡಿಸಿದಳು. "ಅಂಕಲ್, ಪ್ಲೀಸ್, ಒಂದೇ ಒಂದು ಸಲ ಬೆಂಕಿ ಎಸೀರಿ. ಆ ಕಡೆಯಿಂದ ರಾಕ್ಷಸರು ಬಂದು ನನ್ನನ್ನ ತಿಂತಾ ಇದಾರೆ."

"ನೀ ದಾಟವ್ವ. ಆಮ್ಯಾಲ ನೋಡೋಣು."

ಸುಮಂಗಲಾಳಿಗೆ ಇದು ಎಲ್ಲಿಂದ ಬಂದದ್ದೆಂದು ಗೊತ್ತಿತ್ತು. ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿ ಅವನದು ವಾಲ್ವ್ ಕೆಲಸ. ಟ್ಯಾಂಕು ತೊಳೆಯಲು ಜನ ಒಳಗಿಳಿದರೆ, ಅವರು ಹತ್ತಿ ಬರುವ ತನಕ ವಾಲ್ವ್ ಮುಚ್ಚಿದ ಚಕ್ರದ ಮೇಲಿನ ಕೈ ತೆಗೆಯುವಂತಿರಲಿಲ್ಲ. ಕಾರ್ಖಾನೆಯಲ್ಲಿ ಅದು ಸರಿಯೇ. ಆದರೆ ಮದುವೆಮನೆಯಲ್ಲೂ ಅವನು ಊರವರ ಚೀಲಗಳನ್ನೆಲ್ಲ ಕಾಯುತ್ತ ಕೂತು, ಕೊನೆಯ ಪಂಕ್ತಿಯಲ್ಲಿ ತಣ್ಣಗಿನ ಅನ್ನ ಉಣ್ಣುತ್ತಿದ್ದ. ಗುಡಿಗೆ ಹೋದರೆ ಚಪ್ಪಲಿ ಕಾಯುತ್ತಿದ್ದ. ಆಟದಲ್ಲಾದರೂ ಈ ಮನುಷ್ಯನಿಗೆ ಮಜಾ ಮಾಡಲು ಬರಬಾರದೆ ಎಂದು ಅವಳಿಗೆ ಮೈ ಉರಿದಿತ್ತು.

*

ಯಾರೋ ಚಹಾ ತಂದರು. ಇಂಪನಾ ಬೇಡವೆಂದು ತಲೆಯಾಡಿಸಿದಳು. ತಲೆ ಹಿಡಿದ ಕೈ ಸಡಿಲಿಸಲಿಲ್ಲ.

"ಅವರದಽ ರೋಗ ನಿನಗೂ ಹತ್ತೇದೇನು? ಬಿಡು, ಕುಡಿ," ಎಂದು ಸುಮಂಗಲಾ ಗದರಿದಳು.

"ಆಂಟಿ, ನಿಮಗೊಂದು ಹೇಳ್ಬೇಕು." ಹುಡುಗಿ ಮುಂದೆ ನೋಡುತ್ತಲೇ ಮಾತಾಡಿದಳು. "ನಿನ್ನೆ ಅಂಕಲ್ ಸೇತುವೆ ಹಿಡಿದಿದ್ರು. ನಾನು ನಡುವೇನೇ ಇದ್ದೆ. ಇದ್ದಕ್ಕಿದ್ದ ಹಾಗೆ ಕೈ ಕೆಳಗಿಳಿಸಿದ್ರು. ನಮಗೆ ಗೊತ್ತಾಗ್ಲಿಲ್ಲ. ಕೊನೆಗೂ ಬೆಂಕಿ ಎಸೀತಾರೆ ಅನ್ಕೊಂಡ್ವಿ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದ್ವಿ. ಅವರು ಹೋಗ್ತಾ ಇದ್ರು. ನಾವು ಚಪ್ಪಾಳೆ ಹೊಡೀತಾ ಇದ್ವಿ."

ಶಮಂತ್ ಗೋಡೆಯ ಕಡೆ ತಿರುಗಿ ನಿಂತ.

ಸುಮಂಗಲಾ ಗಂಡನ ಮುಖ ನೋಡಿದಳು. "ಕೇಳಿಸಿತೇನು ಅವರಿಗೆ?"

"ನಗ್ತಾ ಇದ್ರು ಅನ್ಸುತ್ತೆ. ನನಗೆ ಸರಿಯಾಗಿ ಗೊತ್ತಿಲ್ಲ."

"ಕೇಳಿಸಿರ್ತದ," ಎಂದಳು ಸುಮಂಗಲಾ. "ಬಲಗಿವಿ ಚೊಲೋ ಇತ್ತು. ಅವರಿಗೆ ಯಾರೂ ಎಂದೂ ಚಪ್ಪಾಳಿ ಹೊಡದಿದ್ದಿಲ್ಲ ನೋಡವ್ವ."

ಅಷ್ಟರಲ್ಲಿ ಸ್ವಾಮಿಗಳು ಬಂದರು. ಗಾಡಿ ಬಿಟ್ಟು, ಬಿಸಿಲಲ್ಲಿ ನಡೆದೇ ಬಂದಿದ್ದ ಮುದುಕರು, ಬೆವರಿನಲ್ಲಿ ತೊಯ್ದಿದ್ದರು. ಕ್ರಿಯೆ ಮುಗಿಸಿ, ಹಾರ ಹಾಕಿ, "ಎತ್ರಿ," ಎಂದರು.

"ಸಾಕು ತಂಗಿ, ಬಿಡಿನ್ನ," ಎಂದ ಹೊಳಬಸಪ್ಪ. "ಇಲ್ಲಿಂದ ಮುಂದ ಮನೆತನದವರು ಹಿಡೀತೀವಿ. ಹೊರಗಿನವರು ಮಣ್ಣಿಗೆ ಬರೂದು ಬ್ಯಾಡ."

ಇಂಪನಾಳ ಬೆರಳು ಸಡಿಲವಾದವು. ಅವ್ವಣ್ಣನ ತಲೆ ತುಸು ವಾಲಿತು.

"ಬಿಡಬ್ಯಾಡ," ಎಂದಳು ಸುಮಂಗಲಾ. ಹುಡುಗಿ ಮತ್ತೆ ಗಟ್ಟಿಯಾಗಿ ಹಿಡಿದಳು. "ಹೊಳಬಸಪ್ಪ, ಅಕಿ ಹಿಡದಾಳ. ಹಿಡದಾವರು ನಡುವ ಬಿಡಂಗಿಲ್ಲ. ನಿಮ್ಮಣ್ಣನ ರೂಲು."

"ಆಟದ ಪುಸ್ತಕದಾಗ ಹಂಗಿಲ್ಲಂತಲ್ಲ ವೈನಿ. ಈ ಹುಡುಗನಽ ಯಾವಾಗ್ಲೂ ಅಂತಿದ್ನಂತ."

"ಪುಸ್ತಕ ಬರದಾಂವ ಸತ್ತಿಲ್ಲ. ಸತ್ತಾವರು ಇವರು."

ಹೊಳಬಸಪ್ಪ ಸ್ವಾಮಿಗಳ ಕಡೆ ನೋಡಿದ. ಅವರು ಮುಖ ಒರೆಸಿಕೊಂಡು, "ತಲಿ ಬಾಗಬಾರದು, ಅಷ್ಟಽ," ಎಂದರು. "ಆ ಮಗಳು ಚೊಲೋ ಹಿಡದಾಳ. ನಡೀರಿ."

ಕುರ್ಚಿಯನ್ನು ಲಿಫ್ಟಿನೊಳಗೆ ಇಟ್ಟ ಮೇಲೆ ಇಬ್ಬರು ಹೆಂಗಸರಿಗಷ್ಟೇ ಜಾಗ ಉಳಿಯಿತು. ಗಂಡಸರು ಮೆಟ್ಟಿಲು ಹಿಡಿದರು. ಹೊಳಬಸಪ್ಪನ ಗೊಣಗಾಟ ತಿರುವು ತಿರುವಿನಲ್ಲಿ ಕೆಳಗಿಳಿಯುತ್ತ ಹೋಯಿತು. ಲಿಫ್ಟು ನಡುವೆ ಯಾವುದೋ ಮಹಡಿಯಲ್ಲಿ ನಿಂತಿತು. ಬಾಗಿಲು ತೆರೆದಾಗ, ಕೊರಳಲ್ಲಿ ಕಂಪನಿಯ ಗುರುತುಚೀಟಿಯ ಪಟ್ಟಿ ಹಾಕಿದ ಹುಡುಗನೊಬ್ಬ ಒಳಗೆ ಕಾಲಿಡಲು ಹೋಗಿ ತಡೆದ. ವಿಭೂತಿ ಬಳಿದು, ಹಾರ ಹಾಕಿ, ನೆಟ್ಟಗೆ ಕೂತ ಮುದುಕನನ್ನು ನೋಡಿದ. ಕಿವಿಯೊಳಗಿನ ಇಯರ್‌ಫೋನುಗಳನ್ನು ಒಂದೊಂದಾಗಿ ತೆಗೆದು ಮುಷ್ಟಿಯಲ್ಲಿ ಹಿಡಿದು, ಹಿಂದೆ ಸರಿದು ನಿಂತ.

ಬಾಗಿಲು ಮುಚ್ಚಿತು. ಇಂಪನಾ ಈಗ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಕಣ್ಣು ಮೂಗು ಎಲ್ಲ ಸುರಿಯುತ್ತಿದ್ದವು. ಒರೆಸಿಕೊಳ್ಳಲು ಅವಳಿಗೆ ಕೈ ಇರಲಿಲ್ಲ.

"ಹಿಂಗ ತಿರುಗು," ಎಂದಳು ಸುಮಂಗಲಾ. ಗಂಡನ ಹೆಗಲ ಮೇಲಿಂದ ಬಾಗಿ, ಸೆರಗಿನ ಅಂಚನ್ನು ಹುಡುಗಿಯ ಮೂಗಿಗೆ ಒತ್ತಿ ಹಿಡಿದು, "ಮೂಗು ಸೀಟು," ಎಂದಳು.